ಲೆನಿಯಿಂದ ನಿಡುಗಲ್ಲಿನವರೆಗೆ: ಭೂಮಿ ಮತ್ತು ವಂಶಾವಳಿ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಈ ಸೀಮೆಯ ಪಾಳೆಯಗಾರರ ವಂಶಾವಳಿಗಳ ಬಗ್ಗೆ ಈ ದತ್ತಿ ಉಪನ್ಯಾಸದಲ್ಲಿ ಮಾತನಾಡಬೇಕೆಂದು ತಾವು ಕೇಳಿದಿರಿ. ಒಪ್ಪಿಕೊಂಡೆ. ಆದರೆ ನಾನು ಮಾತು ಶುರು ಮಾಡುವುದು ಮಧುಗಿರಿಯಿಂದಲ್ಲ, ಸ್ಕಾಟ್ಲೆಂಡಿನಿಂದ. ಕಾರಣವಿದೆ. ನಮ್ಮ ಪಾಳೆಯಗಾರ ಮನೆತನಗಳ ಚರಿತ್ರೆಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿದವನು ಒಬ್ಬ ಸ್ಕಾಟಿಷ್ ಅಧಿಕಾರಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಈ ಬೆಟ್ಟಗಳ ನಡುವೆ ಹಾದುಹೋಗಿ ಹೊಲ, ಕೆರೆ, ದನಕರುಗಳ ವಿವರ ಬರೆದುಕೊಂಡವನು ಇನ್ನೊಬ್ಬ ಸ್ಕಾಟಿಷ್ ವೈದ್ಯ. ಇಬ್ಬರೂ ವಂಶಾವಳಿಗೆ ಬೆಲೆ ಕೊಡುವ ಸಮಾಜದಿಂದ ಬಂದವರು. ಅವರ ದೇಶದ ಭೂಮಾಲೀಕ ಮನೆತನಗಳು ತಮ್ಮ ವಂಶವನ್ನು ಹೇಗೆ ಬರೆದುಕೊಂಡವು, ನಮ್ಮವರು ಹೇಗೆ ಬರೆಸಿದರು ಎಂದು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ದಾಖಲೆಗಳೇ ಹೆಚ್ಚು ಸ್ಪಷ್ಟವಾಗುತ್ತವೆ ಎಂಬುದು ನನ್ನ ನಂಬಿಕೆ.

ನಾನು ಮುಖ್ಯವಾಗಿ ಮೂರು ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತೇನೆ. ಮನೆತನದ ಮೂಲಪುರುಷ ಎಲ್ಲಿಂದ ಬಂದ? ಅವನ ನಂತರ ಸೀಮೆ ಯಾರಿಗೆ ಹೋಯಿತು? ಹಕ್ಕನ್ನು ಯಾವುದರಿಂದ ಸಾಬೀತು ಮಾಡಿದರು? ಕೊನೆಯಲ್ಲಿ, ಭೂಮಿಯೇ ಇಲ್ಲದವರ ವಂಶಾವಳಿ ಎಲ್ಲಿದೆ ಎಂಬುದರ ಬಗ್ಗೆ ಕೆಲವು ಮಾತು.

ಮೊದಲು ಆ ವೈದ್ಯನ ಪರಿಚಯ. ಹೆಸರು ಫ್ರಾನ್ಸಿಸ್ ಬುಕಾನನ್. 1762ರಲ್ಲಿ ಹುಟ್ಟಿದ, ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿದ, ಸಸ್ಯಶಾಸ್ತ್ರ ಅವನ ಪ್ರೀತಿಯ ವಿಷಯ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ. ದೊಡ್ಡಬಳ್ಳಾಪುರದ ಕಡೆಯಿಂದ ಮಧುಗಿರಿಗೆ, ಅಲ್ಲಿಂದ ಶಿರಾಕ್ಕೆ ಬಂದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವನ ಪ್ರವಾಸಕಥನವನ್ನು ಕರ್ನಾಟಕದ ಕೃಷಿ ಚರಿತ್ರೆ ಬರೆಯುವವರು ಇಂದಿಗೂ ಬಿಟ್ಟಿಲ್ಲ.

ಆದರೆ ಅವನ ಮನೆಯ ವಿಷಯ ಇಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅವನ ತಂದೆಯದು ಬುಕಾನನ್ ಮನೆತನದ ಸ್ಪಿಟಲ್ ಕವಲು. ಕ್ಯಾಲಂಡರ್ ಊರಿನ ಹತ್ತಿರದ ಲೆನಿ ಎಂಬ ಜಮೀನು ಅವರದು. ತಾಯಿ ಬಾರ್ಡೋವಿ ಎಂಬ ಜಮೀನಿನ ಹ್ಯಾಮಿಲ್ಟನ್ ಮನೆತನದ ಹೆಣ್ಣು. ಫ್ರಾನ್ಸಿಸ್ ಕಿರಿಯ ಮಗ. ಆ ದೇಶದ ಆಗಿನ ಪದ್ಧತಿಯಂತೆ ಆಸ್ತಿಯೆಲ್ಲ ಅಣ್ಣನಿಗೆ. ಕಿರಿಯರು ಸೈನ್ಯಕ್ಕೋ ಹಡಗಿಗೋ ವೈದ್ಯವೃತ್ತಿಗೋ ಹೋಗಿ ಹೊಟ್ಟೆ ಹೊರೆದುಕೊಳ್ಳಬೇಕಿತ್ತು. ಬುಕಾನನ್ ಭಾರತಕ್ಕೆ ಬಂದದ್ದೂ ಹಾಗೆಯೇ. ಅಣ್ಣ ತೀರಿಕೊಂಡ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಜಮೀನು ಅವನ ಪಾಲಿಗೆ ಬಂತು. ತಾಯಿಯ ಕಡೆಯ ಆಸ್ತಿಗಾಗಿ ಹ್ಯಾಮಿಲ್ಟನ್ ಎಂಬ ಹೆಸರನ್ನು ಇಟ್ಟುಕೊಂಡ. 1819ರಲ್ಲಿ ಎಡಿನ್‌ಬರೋದಲ್ಲಿ ಹಿಂದೂಗಳ ಪುರಾಣ ವಂಶಾವಳಿಗಳನ್ನು ಕುರಿತ ಪುಸ್ತಕವೊಂದನ್ನು ಪ್ರಕಟಿಸಿದ. ಕೊನೆಯ ದಿನಗಳಲ್ಲಿ, ಇಡೀ ಬುಕಾನನ್ ಕುಲಕ್ಕೆ ತಾನೇ ಮುಖ್ಯಸ್ಥ ಎಂಬ ಹಕ್ಕನ್ನು ಸಾಧಿಸಲು ತನ್ನ ಮನೆತನದ ಹಳೆಯ ಪತ್ರಗಳನ್ನು ಹುಡುಕಿ ಜೋಡಿಸಿದ. 1829ರಲ್ಲಿ ತೀರಿಕೊಂಡ. ನಮ್ಮ ಹೊಲಗಳ ಬದಿಯಲ್ಲಿ ನಿಂತು ರೈತರನ್ನು ಪ್ರಶ್ನಿಸಿದ ಮನುಷ್ಯನೇ ತನ್ನ ವಂಶದ ಬೇರನ್ನು ಹುಡುಕುತ್ತ ಕುಳಿತದ್ದನ್ನು ನೆನೆದರೆ, ಅವನ ಪ್ರವಾಸಕಥನದ ಪುಟಗಳೂ ನನಗೆ ಬೇರೆಯಾಗಿ ಕಾಣುತ್ತವೆ.

ಈಗ ಮೊದಲ ಪ್ರಶ್ನೆಗೆ ಬರೋಣ: ಮೂಲಪುರುಷ.

ಬುಕಾನನ್ ಕುಲದ ಚರಿತ್ರೆಯನ್ನು 1723ರಲ್ಲಿ ಅದೇ ಮನೆತನದ ಆಖ್ಮಾರ್ ಕವಲಿನ ವಿಲಿಯಂ ಬುಕಾನನ್ ಬರೆದು ಪ್ರಕಟಿಸಿದ. ಆ ಪರಂಪರೆಯ ಪ್ರಕಾರ ಮೂಲಪುರುಷ ಐರ್ಲೆಂಡಿನ ಅರಸುಮಗ; ಹೆಸರು ಆನ್ಸೆಲಾನ್. ಡೇನರ ಕಾಟ ತಡೆಯಲಾರದೆ 1016ರ ಸುಮಾರಿಗೆ ಸಮುದ್ರ ದಾಟಿ ಸ್ಕಾಟ್ಲೆಂಡಿಗೆ ಬಂದ, ಅಲ್ಲಿನ ಅರಸ ಎರಡನೆಯ ಮ್ಯಾಲ್ಕಮನ ಪರವಾಗಿ ಕಾದಾಡಿದ, ಮೆಚ್ಚಿದ ಅರಸ ಲೊಮಂಡ್ ಸರೋವರದ ಪೂರ್ವ ದಡದ ಭೂಮಿ ಕೊಟ್ಟ.

ಈ ಕಥೆಯನ್ನು ಕೇಳಿದ ಕೂಡಲೇ ನಮ್ಮಲ್ಲಿ ಯಾರಿಗಾದರೂ ಆವತಿ ನಾಡಪ್ರಭುಗಳ ಕಥೆ ನೆನಪಾಗದೆ ಇರದು. ಕಂಚಿಯ ಕಡೆಯಿಂದ ಏಳು ಮಂದಿ ಅಣ್ಣತಮ್ಮಂದಿರು, ರಣಭೈರೇಗೌಡನ ಮುಂದಾಳುತನದಲ್ಲಿ, ಹೆಂಡಿರು ಮಕ್ಕಳನ್ನು ಬಂಡಿಯಲ್ಲಿ ಕೂರಿಸಿಕೊಂಡು ರಾತ್ರೋರಾತ್ರಿ ಹೊರಡುತ್ತಾರೆ. ಮನೆಯ ಹೆಣ್ಣುಮಗಳು ದೊಡ್ಡಮ್ಮನನ್ನು ಅಲ್ಲಿನ ದೊರೆ ಬಲವಂತವಾಗಿ ಕೇಳಿದ್ದಾನೆ. ಕೊಡಲು ಇವರಿಗೆ ಮನಸ್ಸಿಲ್ಲ. ಪಾಲಾರ್ ತುಂಬಿ ಹರಿಯುತ್ತಿದೆ, ಹಿಂದೆ ದೊರೆಯ ದಂಡು. ದೊಡ್ಡಮ್ಮ ಗಂಗೆಯನ್ನು ಬೇಡಿಕೊಳ್ಳುತ್ತಾಳೆ, ಹೊಳೆ ದಾರಿ ಬಿಡುತ್ತದೆ. ನಂದಿಯ ಹತ್ತಿರದ ಬೆಟ್ಟದ ಬುಡದಲ್ಲಿ ಬೀಡು ಬಿಟ್ಟವರು ಆವತಿಯನ್ನು ಕಟ್ಟುತ್ತಾರೆ. ಮುಂದೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಗೌಡ ಮನೆತನಗಳೆಲ್ಲ ತಮ್ಮ ಮೂಲವನ್ನು ಹೇಳುವುದು ಇಲ್ಲಿಂದಲೇ. ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯ ಭೈರೇಗೌಡರೂ ಈ ಬಳ್ಳಿಯವರೇ. ಕೊರಟಗೆರೆಯನ್ನು ಕಟ್ಟಿ ಕೋಟೆ ಎಬ್ಬಿಸಿದ್ದು ಈ ಹೊಳವನಹಳ್ಳಿ ಮನೆತನ. ಹೈದರನ ಕಾಲದಲ್ಲಿ ಸೀಮೆ ಕೈತಪ್ಪಿತು; ಟಿಪ್ಪು ಕೋಟೆಯನ್ನು ಕೆಡವಿಸಿದ.

ಎರಡೂ ಕಥೆಗಳ ಹಂದರ ಒಂದೇ. ಪರಊರಿನ ಕುಲೀನ, ಅಲ್ಲಿ ಅನ್ಯಾಯ, ನೀರು ದಾಟುವಿಕೆ, ಹೊಸ ನೆಲ. ಇದನ್ನು ಸುಳ್ಳು ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ಯಾಕೆ ಹೊರಗಿನಿಂದ ಬಂದೆವೆಂದು ಹೇಳಿಕೊಳ್ಳಬೇಕಾಯಿತು ಎಂಬುದು ನನಗೆ ಹೆಚ್ಚು ಮುಖ್ಯ. ಊರಿನಲ್ಲೇ ಇದ್ದ ಗೌಡನೊಬ್ಬ ನೆರೆಯ ಗೌಡರನ್ನು ಸೋಲಿಸಿ ಸೀಮೆ ಕಟ್ಟಿದ ಎಂದರೆ, ಸೋತವರ ಮಕ್ಕಳು ಒಂದು ದಿನ ತಮ್ಮ ಹಕ್ಕು ಕೇಳುತ್ತಾರೆ. ಹೊರಗಿನಿಂದ ಬಂದ ಕುಲೀನನಿಗೆ ದೈವವೇ ದಾರಿ ಬಿಟ್ಟಿತು, ಅರಸನೇ ನೆಲ ಕೊಟ್ಟ ಎಂದಾಗ ಆ ಪ್ರಶ್ನೆ ಎದ್ದೇಳುವುದೇ ಇಲ್ಲ. ಮೂಲಪುರುಷನ ಕಥೆ ಭೂಮಿಯ ಹಕ್ಕಿನ ಮೊದಲ ಪತ್ರ.

ಮಧುಗಿರಿಯ ಕಥೆ ಮಾತ್ರ ಈ ದಾರಿಯಲ್ಲಿ ಹೋಗುವುದಿಲ್ಲ ಎಂಬುದನ್ನು ಗಮನಿಸಬೇಕು. ಇಲ್ಲಿ ರಾಜಾ ಹಿರೇಗೌಡನ ಕುರಿಯೊಂದು ಹಿಂಡಿನಿಂದ ತಪ್ಪಿಸಿಕೊಂಡು ಬೆಟ್ಟ ಹತ್ತುತ್ತದೆ. ಮರಳಿ ಬಂದಾಗ ಮೈಯೆಲ್ಲ ಒದ್ದೆ. ಹಾಗಾದರೆ ಬಂಡೆಯ ಮೇಲೆ ನೀರಿದೆ. ಮುತ್ತಿಗೆ ಹಾಕಿದರೂ ನೀರಿಗೆ ಬರವಿಲ್ಲದ ಜಾಗ ಸಿಕ್ಕಿತು, ಕೋಟೆ ಎದ್ದಿತು. ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆಯ ಮಾತು ಬಂದಾಗ ಜನರ ಮುಖ ಹೇಗಾಗುತ್ತದೆಂದು ಬಲ್ಲವರಿಗೆ ಈ ಕಥೆಯ ತೂಕ ತಿಳಿಯುತ್ತದೆ. ಬರದ ಸೀಮೆಯಲ್ಲಿ ನೀರು ಕಂಡವನೇ ಒಡೆಯ.

ಮೂಲಪುರುಷನನ್ನು ಇಲ್ಲಿಗೆ ಬಿಟ್ಟು ಎರಡನೆಯ ಪ್ರಶ್ನೆಗೆ ಹೋಗುತ್ತೇನೆ: ಸೀಮೆ ಯಾರಿಗೆ ಹೋಯಿತು?

ಸ್ಕಾಟ್ಲೆಂಡಿನ ಭೂಮಾಲೀಕರ ನಿಯಮ ಸರಳವೂ ನಿಷ್ಠುರವೂ ಆಗಿತ್ತು. ಹಿರಿಯ ಮಗನಿಗೆ ಎಲ್ಲ. ಅಷ್ಟು ಸಾಲದೆಂಬಂತೆ 1685ರಲ್ಲಿ ಒಂದು ಶಾಸನ ಬಂತು: ಜಮೀನನ್ನು ಇಂಥವರ ನಂತರ ಇಂಥವರಿಗೆ ಎಂದು ಮೊದಲೇ ಕಟ್ಟಿಹಾಕಬಹುದು, ನಡುವೆ ಬಂದವನು ಮಾರುವಂತಿಲ್ಲ, ಸಾಲಕ್ಕೆ ಕಳೆಯುವಂತಿಲ್ಲ. ಹೀಗಾಗಿ ಅಲ್ಲಿನ ವಂಶಾವಳಿಯನ್ನು ಬಿಡಿಸಿದರೆ ನೆಟ್ಟಗೆ ಒಂದೇ ಗೆರೆ. ಪಕ್ಕದ ಕವಲುಗಳು ಎರಡು ತಲೆಮಾರಿನಲ್ಲಿ ಮಸುಕಾಗುತ್ತವೆ. ಆ ಗೆರೆ ಕಡಿದುಹೋದಾಗ ಮಾತ್ರ ಕವಲುಗಳನ್ನು ಹುಡುಕಲು ಹೊರಡುತ್ತಾರೆ. ಬುಕಾನನ್ ಕುಲದ ಮುಖ್ಯ ಮನೆಯ ಕೊನೆಯ ಒಡೆಯ 1680ರ ದಶಕದ ಆರಂಭದಲ್ಲಿ ಗಂಡುಸಂತಾನವಿಲ್ಲದೆ ತೀರಿಕೊಂಡ. ಭೂಮಿ ಮಾಂಟ್‌ರೋಸ್ ಮನೆತನದ ಕೈಗೆ ಹೋಯಿತು. ಮುಂದೆ ಒಂದು ಕವಲು, ಅದೂ ನಿಂತಾಗ ಇನ್ನೊಂದು ಕವಲು ಎಂದು ಹಕ್ಕು ಹೇಳಿಕೊಂಡು ಬಂದವರಲ್ಲಿ ನಮ್ಮ ಪ್ರವಾಸಿ ಬುಕಾನನ್ ಒಬ್ಬ. ಎಡಿನ್‌ಬರೋದಲ್ಲಿ ಲಾರ್ಡ್ ಲಯನ್ ಎಂಬ ಅಧಿಕಾರಿಯ ನ್ಯಾಯಾಲಯವಿದೆ. ಮನೆತನಗಳ ಲಾಂಛನ, ಮುಖ್ಯಸ್ಥನ ಸ್ಥಾನ ಇವನ್ನೆಲ್ಲ ಇತ್ಯರ್ಥ ಮಾಡುವುದು ಅದು. ಬುಕಾನನ್ ಕುಲಕ್ಕೆ ಒಬ್ಬ ಮುಖ್ಯಸ್ಥನನ್ನು ಆ ನ್ಯಾಯಾಲಯ 2018ರಲ್ಲಿ ಮಾನ್ಯ ಮಾಡಿತು. ಭೂಮಿ ಹೋಗಿ ಮೂರು ಶತಮಾನ ಕಳೆದ ಮೇಲೂ ಹಕ್ಕಿನ ನೆನಪು ಹೋಗಿರಲಿಲ್ಲ.

ನಮ್ಮಲ್ಲಿ? ಪಾವಗಡ ತಾಲ್ಲೂಕಿನ ನಿಡುಗಲ್ಲನ್ನು ನೋಡೋಣ. ಅದು ಬಹಳ ಹಳೆಯ ದುರ್ಗ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಅಲ್ಲಿ ಇರುಂಗೋಳ ಎಂಬ ಹೆಸರಿನ ಚೋಳ ವಂಶದ ಅರಸರು ಆಳಿದರು; ಕರಿಕಾಲ ಚೋಳನ ಪೀಳಿಗೆಯವರೆಂದು ಹೇಳಿಕೊಂಡರು; ಹೊಯ್ಸಳರೊಂದಿಗೆ ಕಾದಾಡಿದರು. ವಿಜಯನಗರದ ಕಾಲಕ್ಕೆ ಹರತಿಯ ನಾಯಕರು ಬರುತ್ತಾರೆ. ಪರಂಪರೆ ಹೇಳುವಂತೆ ಹರತಿಯ ತಿಪ್ಪನಾಯಕ ತನ್ನ ಸೀಮೆಯನ್ನು ಏಳು ಮಂದಿ ಗಂಡುಮಕ್ಕಳಿಗೆ ಹಂಚಿದ. ಬಿಜಾಪುರದ ದಂಡು ಬಯಲು ಸೀಮೆಯನ್ನು ಹಿಡಿದ ಮೇಲೆ ಮನೆತನ ನಿಡುಗಲ್ಲಿನ ಬೆಟ್ಟಕ್ಕೆ ಹಿಂದೆಗೆಯಿತು. ಆವತಿಯಲ್ಲಿ ಏಳು ಅಣ್ಣತಮ್ಮಂದಿರು, ಹರತಿಯಲ್ಲಿ ಏಳು ಮಕ್ಕಳು. ಏಳು ಎಂಬ ಸಂಖ್ಯೆಯನ್ನು ನಾನು ಲೆಕ್ಕವೆಂದು ಓದುವುದಿಲ್ಲ. ಹಂಚಿಕೆ ನಡೆಯಿತು, ಎಲ್ಲರೂ ಒಂದೇ ಬೇರಿನವರು ಎಂದು ಹೇಳುವ ರೀತಿ ಅದು.

ಮಧುಗಿರಿಯಲ್ಲಿ ಹಂಚಿಕೆಯ ಇನ್ನೊಂದು ರೂಪವಿದೆ. ಚಿಕ್ಕದೇವರಾಜ ಒಡೆಯರ ದಳವಾಯಿ ದೇವರಾಜಯ್ಯ 1678ರಲ್ಲಿ ದೀರ್ಘ ಮುತ್ತಿಗೆಯ ನಂತರ ಈ ದುರ್ಗವನ್ನು ಹಿಡಿದಾಗ ಇಲ್ಲಿ ಒಬ್ಬ ಒಡೆಯನಿರಲಿಲ್ಲ. ರಾಮೇಗೌಡ, ತಿಮ್ಮೇಗೌಡ ಇಬ್ಬರೂ ಜೊತೆಯಾಗಿ ಆಳುತ್ತಿದ್ದರು. ಇಬ್ಬರನ್ನೂ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಸ್ಕಾಟಿಷ್ ವಕೀಲನೊಬ್ಬನಿಗೆ ಈ ಜೋಡಿ ಆಳ್ವಿಕೆ ಅರ್ಥವಾಗುತ್ತಿರಲಿಲ್ಲ. ನಮ್ಮ ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಅದರಲ್ಲಿ ಅಚ್ಚರಿಯೇನೂ ಇಲ್ಲ.

ಈ ಮನೆತನದ ವಂಶಾವಳಿ ಬಿಡಿಸುವವರಿಗೆ ಒಂದು ಕಷ್ಟ ಕಾದಿರುತ್ತದೆ. ಹೆಸರುಗಳು ತಿರುತಿರುಗಿ ಬರುತ್ತವೆ. ಅಜ್ಜನ ಹೆಸರು ಮೊಮ್ಮಗನಿಗೆ. ಗುರುತಿಗೆ ಇಮ್ಮಡಿ, ಮುಮ್ಮಡಿ ಎಂದು ಸೇರಿಸುತ್ತಾರೆ. ಬಿಜ್ಜಾವರ, ಮದ್ದಗಿರಿ (ಮಧುಗಿರಿಯ ಹಳೆಯ ಹೆಸರು) ಎರಡೂ ಸ್ಥಳಗಳ ಹೆಸರಿನಿಂದ ಕರೆಯಲ್ಪಡುವ ಈ ಪ್ರಭುಗಳಲ್ಲಿ ಚಿಕ್ಕಪ್ಪಗೌಡರು ಹಲವರು. ಸಂಸ್ಕೃತದಲ್ಲಿ ಬರೆಯುವಾಗ ಅದೇ ಹೆಸರು ಚಿಕ್ಕಭೂಪಾಲ ಆಗುತ್ತದೆ. ಸಂಗೀತಶಾಸ್ತ್ರದ ವಿದ್ವಾಂಸರಿಗೆ ಮುಮ್ಮಡಿ ಚಿಕ್ಕಭೂಪಾಲ ‘ಅಭಿನವಭರತಸಾರಸಂಗ್ರಹ’ದ ಕರ್ತೃ. ಕೋಟೆ, ಕೊತ್ತಲ, ಕಪ್ಪಕಾಣಿಕೆಗಳ ಲೆಕ್ಕದಲ್ಲಷ್ಟೇ ನಾವು ನೋಡುವ ಒಂದು ಪಾಳೆಯಗಾರ ಮನೆತನದಲ್ಲಿ ಶ್ರುತಿ, ರಾಗ, ತಾಳಗಳ ಶಾಸ್ತ್ರ ಬೆಳೆದಿತ್ತು ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ. ಈ ಊರಿನ ಮಕ್ಕಳಿಗೆ ಅದು ಗೊತ್ತಿರಬೇಕು. ಕೋಟೆ ತೋರಿಸಲು ಕರೆದೊಯ್ಯುವ ಅಧ್ಯಾಪಕರು ಮೊದಲ ಬಾಗಿಲಿನಲ್ಲೇ ನಿಂತು ಅದನ್ನು ಹೇಳಬೇಕು.

ಶಿರಾದ ವಿಷಯ ಬೇರೆ. ರತ್ನಗಿರಿಯ ನಾಯಕ ರಂಗಪ್ಪ ಕೋಟೆ ಕಟ್ಟಲು ಶುರು ಮಾಡಿದ. ಮುಗಿಯುವ ಮೊದಲೇ ಬಿಜಾಪುರದ ರಣದುಲ್ಲಾಖಾನ್ ಹಿಡಿದ. ಮುಂದೆ ಮೊಘಲರ ಸುಬಾದ ರಾಜಧಾನಿಯಾಯಿತು. ಸುಬೇದಾರರು ಬಂದರು, ಹೋದರು. ಹುದ್ದೆ ತಂದೆಯಿಂದ ಮಗನಿಗೆ ಇಳಿಯುವ ಸ್ವತ್ತಾಗಿರಲಿಲ್ಲ. ಹೀಗಾಗಿ ಶಿರಾದಲ್ಲಿ ವಂಶಾವಳಿಗಿಂತ ಗೋರಿ, ಮಸೀದಿಗಳೇ ಮಾತನಾಡುತ್ತವೆ. ಬಿಜಾಪುರದ ಕಾಲದ ಅಧಿಕಾರಿ ಮಲಿಕ್ ರಿಹಾನನ ಗೋರಿ 1651ರದು. ಜಾಮಿಯಾ ಮಸೀದಿ 1696ರದು.

ಮೂರನೆಯ ಪ್ರಶ್ನೆ, ಪುರಾವೆ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಸ್ಕಾಟ್ಲೆಂಡಿನಲ್ಲಿ ಭೂಮಿಯ ಸ್ವಾಧೀನ ಕೊಡುವಾಗ ಆ ಹೊಲದ ಮೇಲೇ ನಿಂತು ಒಂದು ಹಿಡಿ ಮಣ್ಣು, ಒಂದು ಕಲ್ಲನ್ನು ಕೈಗೆ ಕೊಡುತ್ತಿದ್ದರು. ನಮ್ಮ ದಾನಶಾಸನಗಳು ಧಾರಾಪೂರ್ವಕವಾಗಿ ಎಂದು ಹೇಳುವ ನೀರಿನ ಧಾರೆಗೆ ಅಲ್ಲಿ ಮಣ್ಣುಕಲ್ಲು. 1617ರಿಂದ ಅಂಥ ಪ್ರತಿ ಸ್ವಾಧೀನವನ್ನೂ ಸರ್ಕಾರದ ದಫ್ತರಿನಲ್ಲಿ ದಾಖಲಿಸುವ ಏರ್ಪಾಡಾಯಿತು. ಅಲ್ಲಿನ ವಂಶಾವಳಿಗಳು ಅಷ್ಟು ಗಟ್ಟಿಯಾಗಿರಲು ಈ ದಫ್ತರು ಒಂದು ದೊಡ್ಡ ಕಾರಣ. ಅದಕ್ಕಿಂತ ಹಿಂದಿನ ಕಾಲದ ಲೆನಿ ಜಮೀನಿನ ಬಗ್ಗೆ ಒಂದು ಹೇಳಿಕೆಯಿದೆ: ಹಳೆಯ ಒಡೆಯರ ಬಳಿ ಪತ್ರವಿರಲಿಲ್ಲ, ಒಂದು ಪುಟ್ಟ ಕತ್ತಿಯಿತ್ತು. ಆ ಕತ್ತಿ ಯಾರ ಮನೆಯಲ್ಲಿದೆಯೋ ಭೂಮಿ ಅವರದು.

ನಮ್ಮಲ್ಲಿ ಕಲ್ಲು, ತಾಮ್ರದ ಜೊತೆಗೆ ಕಡತವಿತ್ತು. ಬಟ್ಟೆಗೆ ಹುಣಸೆಬೀಜದ ಗಂಜಿ, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಅದರ ಮೇಲೆ ಬಳಪದಲ್ಲಿ ಬರೆಯುವುದು. ಶಾನುಭೋಗರ ಮನೆಯ ಅಟ್ಟದಲ್ಲಿ ಇಂಥ ಕಡತಗಳು ಕಟ್ಟುಗಟ್ಟಲೆ ಇರುತ್ತಿದ್ದವು: ಊರಿನ ಗಡಿ, ಗದ್ದೆ, ಕಂದಾಯ, ಗೌಡಿಕೆಯ ಮನೆತನ. ಕಡತದ ಒಂದು ಗುಣವನ್ನು ಮರೆಯಬಾರದು. ಬರೆದದ್ದನ್ನು ಅಳಿಸಬಹುದು, ಮತ್ತೆ ಬಳಿದು ಹೊಸದಾಗಿ ಬರೆಯಬಹುದು. ಒಡೆಯ ಬದಲಾದಾಗ ಮೂಲಪುರುಷನೂ ಬದಲಾಗಲು ಅವಕಾಶವಿತ್ತು.

ಇಂಥ ಕಡತಗಳನ್ನು ಹುಡುಕಿ ಕೈಫಿಯತ್ತುಗಳನ್ನು, ಅಂದರೆ ಊರು ಮನೆತನಗಳವರು ಹೇಳಿದ ಚರಿತ್ರೆಗಳನ್ನು, ಬರೆಸಿಕೊಂಡವನು ಕಾಲಿನ್ ಮೆಕೆಂಜಿ, ನಾನು ಆರಂಭದಲ್ಲಿ ಹೇಳಿದ ಅಧಿಕಾರಿ. ಲೂಯಿಸ್ ದ್ವೀಪದ ಸ್ಟೋರ್ನೊವೇ ಊರಿನವನು. ಅವನಿಗೆ ಭಾರತದ ಹುಚ್ಚು ಹಿಡಿದದ್ದೂ ಒಂದು ವಂಶಚರಿತ್ರೆಯಿಂದಲೇ! ಲಾರ್ಡ್ ನೇಪಿಯರ್ ಎಂಬ ಸ್ಕಾಟಿಷ್ ಭೂಮಾಲೀಕ ತನ್ನ ಪೂರ್ವಜ, ಲಾಗರಿದಮ್ಮುಗಳನ್ನು ಕಂಡುಹಿಡಿದ ಜಾನ್ ನೇಪಿಯರನ ಜೀವನ ಬರೆಯಲು ಹೊರಟಿದ್ದ. ಹಿಂದೂಗಳ ಗಣಿತದ ಬಗ್ಗೆ ಮಾಹಿತಿ ಕೂಡಿಸಲು ಯುವಕ ಮೆಕೆಂಜಿಯನ್ನು ತೊಡಗಿಸಿದ. ಆ ಪುಸ್ತಕ ಮುಗಿಯಲಿಲ್ಲ. ಮೆಕೆಂಜಿ ಭಾರತಕ್ಕೆ ಬಂದ, 1799ರ ನಂತರ ಮೈಸೂರು ಸೀಮೆಯ ಮೋಜಣಿಯನ್ನು ವಹಿಸಿಕೊಂಡ, 1815ರಲ್ಲಿ ಇಡೀ ಭಾರತದ ಸರ್ವೇಯರ್ ಜನರಲ್ ಆದ, 1821ರಲ್ಲಿ ತೀರಿಕೊಂಡ. ಕೆಲಸದ ಭಾರ ಹೊತ್ತವರು ನಮ್ಮವರೇ: ಕಾವಲಿ ವೆಂಕಟ ಬೋರಯ್ಯ, ಅವನ ತಮ್ಮಂದಿರು ಲಕ್ಷ್ಮಯ್ಯ, ರಾಮಸ್ವಾಮಿ. ಊರೂರು ತಿರುಗಿ, ಗೌಡ ಶಾನುಭೋಗರನ್ನು ಮಾತನಾಡಿಸಿ, ಪ್ರತಿ ಮಾಡಿಸಿ ಕಳಿಸಿದವರು ಅವರು. ಬೋರಯ್ಯ 1803ರಲ್ಲೇ ತೀರಿಹೋದ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಸಂಪುಟ ಕೈಯಲ್ಲಿ ಹಿಡಿದಾಗ ಈ ಅಣ್ಣತಮ್ಮಂದಿರನ್ನು ನೆನೆಯದಿದ್ದರೆ ತಪ್ಪಾಗುತ್ತದೆ.

ಕೈಫಿಯತ್ತು ಬರೆಸಿದ ಗಳಿಗೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹೈದರ್, ಟಿಪ್ಪು ಕಾಲದಲ್ಲಿ ಪಾಳೆಯಪಟ್ಟುಗಳು ಹೋಗಿವೆ. ಹೊಸ ಸರ್ಕಾರ ಬಂದಿದೆ. ಕುಂಪಣಿಯ ದೊರೆಯ ಕಡೆಯವರು ಬಂದು ನಿಮ್ಮ ಹಿಂದಿನವರು ಯಾರು, ಯಾವ ಅರಸ ಏನು ಕೊಟ್ಟ ಎಂದು ಕೇಳುತ್ತಿದ್ದಾರೆ. ಉಂಬಳಿಯೋ ವರ್ಷಾಶನವೋ ಮರಳಿ ಸಿಕ್ಕೀತು ಎಂಬ ಆಸೆ ಯಾರಿಗಿರುವುದಿಲ್ಲ? ಆದ್ದರಿಂದ ಕೈಫಿಯತ್ತನ್ನು ಚರಿತ್ರೆಯೆಂದೂ ಓದಬೇಕು, ಅರ್ಜಿಯೆಂದೂ ಓದಬೇಕು. ವಿಜಯನಗರದ ಅರಸ ಮೆಚ್ಚಿ ಬಿರುದು ಕೊಟ್ಟದ್ದು ವಿಸ್ತಾರವಾಗಿ ಬರುವ ಕಡೆ, ನೆರೆಯವನ ಊರು ಕಿತ್ತುಕೊಂಡದ್ದು ಒಂದು ಸಾಲಿನಲ್ಲಿ ಮುಗಿಯುತ್ತದೆ. ಎದುರು ಮನೆತನದ ಕೈಫಿಯತ್ತನ್ನೂ ಬಿ. ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನ ಸಂಪುಟವನ್ನೂ ಜೊತೆಗಿಟ್ಟುಕೊಂಡು ಓದುವ ಅಭ್ಯಾಸ ವಿದ್ಯಾರ್ಥಿಗಳಿಗೆ ಬರಬೇಕು.

ವಂಶದ ಹಕ್ಕು ಎಷ್ಟು ಅಪಾಯದ ವಸ್ತು ಎಂಬುದಕ್ಕೆ ಮಧುಗಿರಿಯ ಈ ಬೆಟ್ಟವೇ ಸಾಕ್ಷಿ. ಬಿದನೂರಿನ ರಾಣಿ ವೀರಮ್ಮಾಜಿ ತನ್ನ ದತ್ತುಮಗ ಸೋಮಶೇಖರನ ಹೆಸರಿನಲ್ಲಿ ಆಳುತ್ತಿದ್ದಳು. ಸತ್ತನೆಂದು ಎಲ್ಲರೂ ನಂಬಿದ್ದ ಹಿಂದಿನ ದತ್ತುಮಗ ಚೆನ್ನಬಸವನಾಯಕ ತಾನೇ ಎಂದು ಒಬ್ಬ ಯುವಕ ಚಿತ್ರದುರ್ಗದವರ ಮೂಲಕ ಹೈದರನ ಮುಂದೆ ನಿಂತ. ಹೈದರ್ ಅವನ ಹಕ್ಕಿನ ಹೆಸರು ಹೇಳಿ ದಂಡೆತ್ತಿ ಹೋಗಿ 1763ರಲ್ಲಿ ಬಿದನೂರನ್ನು ಹಿಡಿದ. ಹಿಡಿದ ಮೇಲೆ ರಾಣಿಯನ್ನೂ ಅವಳ ದತ್ತುಮಗನನ್ನೂ ಹಕ್ಕು ಕೇಳಿ ಬಂದ ಯುವಕನನ್ನೂ ಒಟ್ಟಿಗೆ ಮಧುಗಿರಿಯ ಕೋಟೆಗೆ ಕಳಿಸಿದ. ನಿಜವಾದ ವಾರಸುದಾರ, ಸುಳ್ಳು ವಾರಸುದಾರ ಎಂಬ ವ್ಯತ್ಯಾಸ ಗೆದ್ದವನಿಗೆ ಬೇಕಿರಲಿಲ್ಲ. 1767ರಲ್ಲಿ ಪೇಶ್ವೆ ಮಾಧವರಾವ್ ದುರ್ಗ ಹಿಡಿದಾಗ ರಾಣಿಗೆ ಬಿಡುಗಡೆಯಾಯಿತು. ಪುಣೆಗೆ ಹೋಗುವ ದಾರಿಯಲ್ಲಿ ತೀರಿಕೊಂಡಳು. ನಮ್ಮ ಹಳೆಯ ವಂಶವೃಕ್ಷಗಳಲ್ಲಿ ಹೆಂಗಸರ ಹೆಸರಿಗೆ ಜಾಗವಿರಲಿಲ್ಲ. ಆದರೆ ಹಕ್ಕು ಅಲುಗಾಡಿದಾಗಲೆಲ್ಲ ಅದರ ಬೆಲೆ ತೆತ್ತವರಲ್ಲಿ ಹೆಂಗಸರು ಮೊದಲಿಗರು. ದೊಡ್ಡಮ್ಮನಿಂದ ವೀರಮ್ಮಾಜಿಯವರೆಗೆ ಇದೇ ಕಥೆ.

ಇನ್ನು ಕೊನೆಯ ಭಾಗ. ಭೂಮಿಯ ಮೇಲಿನ ಹಳೆಯ ಹಕ್ಕುಗಳು ನಮ್ಮಲ್ಲಿ ಕಾನೂನಿನಿಂದ ಮುಗಿದವು. 1954 ಮತ್ತು 1955ರ ಇನಾಂ ರದ್ದತಿ ಶಾಸನಗಳು, 1961ರ ಗ್ರಾಮಾಧಿಕಾರಗಳ ರದ್ದತಿ ಶಾಸನ, ಕೊನೆಗೆ 1974ರ ಭೂಸುಧಾರಣೆ. ಉಳುವವನು ಒಡೆಯನಾದ. ಸ್ಕಾಟ್ಲೆಂಡಿನಲ್ಲಿ ಊಳಿಗಮಾನ್ಯ ಭೂಹಿಡುವಳಿ ಕಾನೂನಿನ ಪ್ರಕಾರ ಪೂರ್ತಿ ಕೊನೆಗೊಂಡದ್ದು 2004ರ ನವೆಂಬರಿನಲ್ಲಿ. ಈ ವಿಷಯದಲ್ಲಿ ನಾವು ಅವರಿಗಿಂತ ಮೂವತ್ತು ವರ್ಷ ಮುಂದಿದ್ದೆವು. ಇಂದು ನಾಡಕಚೇರಿಯಲ್ಲಿ ವಂಶವೃಕ್ಷ ಕೇಳುವವರು ಪೌತಿ ಖಾತೆಗೆ ಬಂದವರು, ಎಕರೆ ಎರಡೆಕರೆಯ ಹಿಡುವಳಿದಾರರು. ಈಗ ಅದರಲ್ಲಿ ಹೆಣ್ಣುಮಕ್ಕಳ ಹೆಸರೂ ಬರೆಯಲೇಬೇಕು. ಅದು ಪಾಳೆಯಗಾರರ ವಂಶಾವಳಿಗಳಲ್ಲಿ ಕಾಣದ ಸಂಗತಿ.

ಭೂಮಿ ಇಲ್ಲದವರನ್ನು ಮಾತ್ರ ಕಡತವಾಗಲಿ ಕೈಫಿಯತ್ತಾಗಲಿ ಕೇಳಲಿಲ್ಲ. ಸುಬೇದಾರ ದಿಲಾವರಖಾನನ ಕಾಲದ ಶಿರಾದಲ್ಲಿ ಐವತ್ತು ಸಾವಿರ ಮನೆಗಳಿದ್ದವೆಂದು ಪ್ರತೀತಿ. ಟಿಪ್ಪು ಅಲ್ಲಿಂದ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದನೆಂದು ರೈಸ್ ದಾಖಲಿಸುತ್ತಾನೆ. ಆ ಕುಟುಂಬಗಳ ವಂಶಾವಳಿ ಎಲ್ಲಿ? ಅವರ ಹೆಸರು ಯಾವ ಶಾಸನದಲ್ಲಿದೆ?

ಒಂದು ದಾರಿ ಹೆಳವರದು. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ, ಗಂಟೆ ಬಾರಿಸುತ್ತ ಬಂದು, ಮನೆಯ ಅಂಗಳದಲ್ಲಿ ನಿಂತು ತಲೆತಲಾಂತರದ ಹೆಸರುಗಳನ್ನು ಒಪ್ಪಿಸುವವರು. ಹೊಸದಾಗಿ ಹುಟ್ಟಿದ ಮಗುವಿನ ಹೆಸರು ಕೇಳಿ ಬರೆದುಕೊಳ್ಳುತ್ತಾರೆ, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ದೊಡ್ಡ ರೈತರಂತೆಯೇ ಕೂಲಿಗೆ ಇಳಿದ ಅಣ್ಣತಮ್ಮನ ಮನೆಯೂ ಅವರ ಪುಸ್ತಕದಲ್ಲಿ ಇರುತ್ತದೆ. ಸೀಮೆ ಬಿಟ್ಟು ಗುಳೆ ಹೋದ ಕವಲು ಯಾವ ಊರಿನಲ್ಲಿ ನೆಲೆ ನಿಂತಿತೆಂಬುದೂ ಅವರಿಗೆ ಗೊತ್ತಿರುತ್ತದೆ. ಈ ನಾಲ್ಕು ತಾಲ್ಲೂಕಿನ ಕಾಲೇಜುಗಳು ಒಂದಾಗಿ ಹೆಳವರ ಪುಸ್ತಕಗಳ ಛಾಯಾಪ್ರತಿ ತೆಗೆಸಬೇಕು, ಅವರ ಒಪ್ಪಿಗೆ ಪಡೆದು, ಅವರ ದುಡಿಮೆಗೆ ಸಲ್ಲಬೇಕಾದ ಸಂಭಾವನೆ ಕೊಟ್ಟು. ಅಟ್ಟದ ಮೇಲೆ ಉಳಿದಿರುವ ಕಡತಗಳನ್ನು ಗೆದ್ದಲು ಹಿಡಿಯುವ ಮೊದಲು ಇಳಿಸಬೇಕು. ಈ ದತ್ತಿಯ ಬಡ್ಡಿಯ ಹಣದಲ್ಲಿ ಒಂದು ಪಾಲನ್ನು ಮುಂದಿನ ವರ್ಷ ಅದಕ್ಕೆ ಮೀಸಲಿಡುವ ಬಗ್ಗೆ ದತ್ತಿ ಸ್ಥಾಪಿಸಿದ ಕುಟುಂಬದವರು ಯೋಚಿಸಬೇಕೆಂದು ಈ ವೇದಿಕೆಯಿಂದಲೇ ವಿನಂತಿಸುತ್ತೇನೆ. ವಿದ್ಯಾರ್ಥಿಗಳು ಮುಂದೆ ಬಂದರೆ ಮೊದಲ ಕಡತವನ್ನು ಓದಿ ಪ್ರತಿ ಮಾಡುವ ಕೆಲಸಕ್ಕೆ ನಾನೂ ಕೂರುತ್ತೇನೆ.